ಹಿಂದಿನ ಸಾಲಿಗೆ ಮೂರು ಸೀಟು

ಕಾರು ಕಲಿಯಲು ಬಂದವರೆಲ್ಲ ಅವಳನ್ನು ಬ್ರೇಕಕ್ಕ ಎಂದೇ ಕರೆಯುತ್ತಿದ್ದರು. ಕಲಿಸುವವರ ಕಾಲ ಬಳಿಯೂ ಒಂದು ಬ್ರೇಕ್ ಇರುವ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಹನ್ನೊಂದು ವರ್ಷ ಕೂತು, ಊರಿನ ಅರ್ಧ ಜನಕ್ಕೆ ಗೇರು ಹಾಕುವುದನ್ನು ಕಲಿಸಿದವಳು. ಎದುರಿಗೆ ಲಾರಿಯೇ ನುಗ್ಗಿ ಬಂದರೂ ದನಿ ಏರಿಸಿದವಳಲ್ಲ.

ಇಂಥವಳು ಒಂದು ಬೆಳಿಗ್ಗೆ ಬಿದ್ದಳು. ಓಡುವ ಗಾಡಿಯಿಂದಲ್ಲ, ನಿಂತ ಸ್ಕೂಟರಿನಿಂದ. ಅದೂ ಮಗಳ ಶಾಲೆಯ ಗೇಟಿನ ಎದುರಿಗೆ, ಹತ್ತು ಜನ ನೋಡುತ್ತಿರುವಾಗ. ಸೀಟಿನ ಮುಂದೆ ಆರು ವರ್ಷದ ಮಗಳು ನಿಂತಿದ್ದಳು. ಒಂದೂವರೆ ವರ್ಷದ ಅವಳಿ ಗಂಡುಮಕ್ಕಳಲ್ಲಿ ಒಬ್ಬ ಎದೆಗೆ ಕಟ್ಟಿದ ಚೀಲದಲ್ಲಿದ್ದ, ಇನ್ನೊಬ್ಬ ಬೆನ್ನಿನ ಚೀಲದಲ್ಲಿ. ಕಾಲು ಊರಿದ ಕಡೆ ಒಂದು ಕಲ್ಲು ಜಾರಿತು, ಗಾಡಿ ವಾಲಿತು, ನಾಲ್ವರೂ ಮೂಟೆಯ ಹಾಗೆ ಮಗುಚಿಕೊಂಡರು. ಹುಡುಗರಿಗೆ ಏನೂ ಆಗಲಿಲ್ಲ. ಮಗಳ ಗಲ್ಲ ಸೀಳಿ ಮೂರು ಹೊಲಿಗೆ ಬಿತ್ತು.

ಹೊಲಿಗೆ ಹಾಕುತ್ತಿದ್ದ ಡಾಕ್ಟರು ತಲೆಯೆತ್ತಿ, "ನೀವು ಡ್ರೈವಿಂಗ್ ಕಲಿಸೋರು ಅಲ್ವಾ?" ಎಂದರು. ಬೇರೇನೂ ಹೇಳಲಿಲ್ಲ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂದು ಬಾಯಿಬಿಟ್ಟು ಅಂದಿದ್ದರೂ ಅಷ್ಟು ನಾಟುತ್ತಿರಲಿಲ್ಲ. ಅವಳು ಮಗಳ ಚಪ್ಪಲಿಯನ್ನು ನೋಡುತ್ತ ಕೂತಳು.

ಗಂಡ ತೀರಿಕೊಂಡು ಆಗಿನ್ನೂ ವರ್ಷ ತುಂಬಿರಲಿಲ್ಲ. ಮೂರು ದಿನದ ಜ್ವರ, ನಾಲ್ಕನೆಯ ದಿನ ಮನೆಯಲ್ಲಿ ಒಬ್ಬರು ಕಡಿಮೆ. ಅವನಿದ್ದಾಗ ಎರಡು ಸ್ಕೂಟರು, ಎರಡು ದಾರಿ: ಮಗಳನ್ನು ಅವನು ಶಾಲೆಗೆ ಬಿಡುತ್ತಿದ್ದ, ಅವಳಿಗಳನ್ನು ಇವಳು ಶಿಶುವಿಹಾರಕ್ಕೆ. ಕಾರಿನ ಮಾತು ಆಗಲೂ ಊಟದ ಹೊತ್ತಿಗೆ ಬರುತ್ತಿತ್ತು. "ಬಣ್ಣ ಮಾತ್ರ ನಂದು. ಉಳಿದಿದ್ದೆಲ್ಲ ನಿಂದು," ಅನ್ನುತ್ತಿದ್ದ ಅವನು. ಅವನಿಗೆ ಕೆಂಪು ಬೇಕಿತ್ತು. ಈಗ ಬಣ್ಣವೂ ಅವಳ ಪಾಲಿಗೇ ಬಂದಿತ್ತು.

ಕಾರು ಕೊಳ್ಳುತ್ತಾಳಂತೆ ಎಂಬ ಸುದ್ದಿ ತಿಳಿದದ್ದೇ ತಡ, ಗಂಡನ ಅಣ್ಣ ಫೋನು ಮಾಡಿದ. ವರ್ಷವಿಡೀ ಹಬ್ಬಕ್ಕೂ ಹುಣ್ಣಿಮೆಗೂ ನೆನಪಾಗದವನು.

"ನೋಡಮ್ಮ, ಚಿಕ್ಕದು ತಗೋ. ದೊಡ್ಡ ಗಾಡಿ ತಿರುಗಿಸೋದು ಹೆಂಗಸರಿಗೆ ಕಷ್ಟ."

"ಭಾವ, ನಿಮಗೆ ರಿವರ್ಸ್ ಕಲಿಸಿದ್ದು ನಾನೇ."

"ಅದು ಸರಿ, ಆದ್ರೂ..."

"ಹಾಲಿನ ಅಂಗಡಿ ಗೋಡೆಗೆ ಗುದ್ದಿದ್ದೂ ನೆನಪಿದೆ."

ಭಾವ ನಕ್ಕ, ಅವಳೂ ನಕ್ಕಳು. "ಏನಾದ್ರೂ ಬೇಕಿದ್ರೆ ಹೇಳು," ಎಂದು ಅವನು ಫೋನಿಟ್ಟ. ಆ ಮಾತಿನ ಅರ್ಥ ಏನೂ ಕೇಳಬೇಡ ಎಂದು, ಅಷ್ಟರೊಳಗೆ ಅವಳಿಗೆ ಗೊತ್ತಾಗಿತ್ತು.

ಶೋರೂಮಿಗೆ ಹೋದಳು. ಗಾಜಿನಂತೆ ಹೊಳೆಯುವ ನೆಲ, ಗಾಜಿನ ಗೋಡೆ. ಟೈ ಕಟ್ಟಿದ ಮಾರಾಟಗಾರ ಚಾವಣಿಯಲ್ಲಿ ತೆರೆಯುವ ಕಿಟಕಿಯನ್ನು ತೋರಿಸಿ, ಮಕ್ಕಳಿಗೆ ಆಕಾಶ ಕಾಣುತ್ತೆ ಎಂದ. ಅವಳು ಚೀಲದಿಂದ ಅಳತೆಯ ಟೇಪು ತೆಗೆದು ಹಿಂದಿನ ಸೀಟನ್ನು ಅಳೆಯತೊಡಗಿದಳು. ಅವಳ ಲೆಕ್ಕ ಸರಳವಾಗಿತ್ತು. ಹಿಂದಿನ ಸಾಲಿನಲ್ಲಿ, ಕಾರಿನ ಸೀಟಿನ ಮೇಲಿಟ್ಟು ಬೆಲ್ಟಿನಿಂದ ಬಿಗಿಯುವ ಮಕ್ಕಳ ಸೀಟು ಮೂರೂ ಪಕ್ಕಪಕ್ಕ ಕೂರಬೇಕು. ಕೂತ ಮೇಲೂ ಬೆಲ್ಟಿನ ಕೊಂಡಿ ಕೈಗೆ ಸಿಗಬೇಕು. ಒಂದು ಕೈಯಲ್ಲಿ ಒದ್ದಾಡುವ ಮಗು ಇರುತ್ತದೆ, ಹಾಗಾಗಿ ಇನ್ನೊಂದೇ ಕೈಗೆ. ಮನೆಯ ಓಣಿಯಲ್ಲಿ ಗೋಡೆಗೆ ತಾಗದೆ ಬಾಗಿಲು ತೆರೆಯಬೇಕು. ವಾಂತಿ ಮಾಡಿದರೆ ಒರೆಸಲು ಬರಬೇಕು. ಆಕಾಶವನ್ನು ಇಳಿದ ಮೇಲೆ ನೋಡಿಕೊಳ್ಳಬಹುದು.

"ಯಜಮಾನ್ರು ಬಂದ್ಮೇಲೆ ಒಂದು ರೌಂಡ್ ಓಡಿಸಿ ನೋಡ್ಬಹುದು ಮೇಡಂ," ಎಂದ ಮಾರಾಟಗಾರ.

"ಅವರು ಬರಲ್ಲ."

"ಪರವಾಗಿಲ್ಲ ಮೇಡಂ, ಭಾನುವಾರಾನೂ ತೆಗೆದಿರ್ತೀವಿ."

"ಭಾನುವಾರಾನೂ ಬರಲ್ಲ," ಎಂದು ಅವಳು ಟೇಪು ಸುತ್ತಿಕೊಂಡಳು.

ಹೀಗೆ ಐದಾರು ಕಡೆ ಸುತ್ತಿದಳು. ಒಂದರಲ್ಲಿ ಮೂರನೆಯ ಸೀಟಿಟ್ಟರೆ ಬಾಗಿಲೇ ಹಾಕಲಾಗದು. ಇನ್ನೊಂದರಲ್ಲಿ ಎಲ್ಲ ಕೂತಿತು, ಆದರೆ ಮಕ್ಕಳನ್ನು ಎತ್ತಿಡಲು ಏಣಿ ಬೇಕು. ಕೊನೆಗೆ ದಿನಸಿ ಅಂಗಡಿಯ ಹಲಗೆಯ ಮೇಲೆ ಕೈಬರಹದ ಒಂದು ಚೀಟಿ ಕಂಡಿತು: 'ಮನೆಬಳಕೆಯ ವ್ಯಾನು. ಜಾರುವ ಬಾಗಿಲು. ಮಾರಾಟಕ್ಕಿದೆ.'

ವ್ಯಾನಿನವನು ಕೃತಕ ಹಲ್ಲು ಮಾಡುವವನು. ಬಾಗಿಲು ತೆರೆದಾಗ ಅವನ ಬೆರಳುಗಳಿಗೆ ಬಿಳಿ ಪುಡಿ ಮೆತ್ತಿತ್ತು. ಹಿಂದಿನ ಮೇಜಿನ ಮೇಲೆ ಪ್ಲಾಸ್ಟರಿನಲ್ಲಿ ಅಚ್ಚೊತ್ತಿದ ಯಾರದೋ ದವಡೆಗಳು ಸಾಲಾಗಿ ಒಣಗುತ್ತಿದ್ದವು. ತಮ್ಮಂದಿರ ಜೊತೆ ಅಮ್ಮನ ಹಿಂದೆ ನಿಂತಿದ್ದ ಮಗಳು ಕಣ್ಣರಳಿಸಿ ನೋಡಿದಳು. "ಕಚ್ಚಲ್ಲ ಪುಟ್ಟಿ," ಎಂದ ಅವನು, ನಗದೆ.

ವ್ಯಾನು ಬೂದಿಬಣ್ಣದ ಡಬ್ಬಿಯಂತಿತ್ತು. ಚಂದ ಅನ್ನುವ ಮಾತು ಅದರ ಹತ್ತಿರವೂ ಸುಳಿಯದು. ಆದರೆ ನೆಲ ತಗ್ಗಿನಲ್ಲಿತ್ತು, ಬಾಗಿಲು ಹಿಂದಕ್ಕೆ ಸರಿಯುತ್ತಿತ್ತು. ಅವಳು ಆಟೋದಲ್ಲಿ ತಂದಿದ್ದ ಮೂರು ಮಕ್ಕಳ ಸೀಟುಗಳಲ್ಲಿ ಒಂದನ್ನು ಒಳಗಿಡುವಷ್ಟರಲ್ಲಿ ಅವನೇ ಕೈಗೆ ತೆಗೆದುಕೊಂಡ. ಮಂಡಿಯನ್ನು ಸೀಟಿನ ಮೇಲೆ ಊರಿ ಒತ್ತಿದ, ಬೆಲ್ಟು ತೂರಿಸಿದ, ಎಳೆದ, ಟಕ್ ಎಂದಿತು. ಎರಡನೆಯದು, ಮೂರನೆಯದು. ನೋಡದೆಯೇ ಹಾಕುತ್ತಿದ್ದ, ಅಂಗಿಯ ಗುಂಡಿ ಹಾಕುವವರ ಹಾಗೆ.

"ನಿಮ್ಮ ಮಕ್ಕಳೆಲ್ಲಿ?" ಎಂದು ಕೇಳಿದಳು ಮಗಳು.

"ಅವರಮ್ಮನ ಹತ್ರ. ದೂರ."

"ಯಾವಾಗ ಬರ್ತಾರೆ?"

"ಬಂದಾಗ ಬರ್ತಾರೆ." ಅವನು ಕಿಟಕಿಯ ಗಾಜಿಗೆ ಅಂಟಿದ್ದ ಆನೆಯ ಚಿತ್ರವನ್ನು ಉಗುರಿನಿಂದ ಕೆರೆಯತೊಡಗಿದ. "ಇದನ್ನ ತೆಗೆದು ಕೊಡ್ತೀನಿ."

"ಬೇಡ, ಇರ್ಲಿ ಬಿಡಿ," ಎಂದಳು ಬ್ರೇಕಕ್ಕ. ಅವನು ಕೈ ಹಿಂದಕ್ಕೆ ತೆಗೆದುಕೊಂಡ.

ಅವಳು ಬಾನೆಟ್ ಎತ್ತಿ ಎಣ್ಣೆ ನೋಡಿದಳು, ಟೈರು ಒತ್ತಿದಳು, ಊರ ಹೊರಗಿನ ಏರಿನವರೆಗೆ ಓಡಿಸಿ ಬಂದಳು. ಗಾಡಿ ಗಟ್ಟಿಯಾಗಿತ್ತು. ಯಾಕೆ ಮಾರುತ್ತೀರಿ ಎಂದು ಕೇಳುವ ಅಗತ್ಯವಿರಲಿಲ್ಲ. ಕಾಗದಕ್ಕೆ ಸಹಿ ಹಾಕುವಾಗ ಅವನೇ ಹೇಳಿದ: "ಒಬ್ಬನೇ ಇದನ್ನ ಓಡಿಸಿದ್ರೆ ಹಿಂದೆ ತುಂಬಾ ಸದ್ದು ಮಾಡುತ್ತೆ."

ಅವಳಿಗೆ ಏನಾದರೂ ಹೇಳಬೇಕೆನಿಸಿತು. ಹೇಳುವಷ್ಟರಲ್ಲಿ ಅವಳಿಗಳಲ್ಲೊಬ್ಬ ಮೇಜಿನ ಮೇಲಿನ ದವಡೆಗೆ ಕೈ ಹಾಕಿದ. ಅವನನ್ನು ಹಿಡಿದೆಳೆದು, ಕ್ಷಮೆ ಕೇಳಿ, ಎಲ್ಲರನ್ನೂ ಹತ್ತಿಸುವ ಗಡಿಬಿಡಿಯಲ್ಲಿ ಆ ಮಾತು ಹಾಗೇ ಉಳಿಯಿತು. ತಿರುವಿನಲ್ಲಿ ಕನ್ನಡಿಯಲ್ಲಿ ನೋಡಿದಾಗ ಅವನು ಗೇಟಿನ ಬಳಿಯೇ ನಿಂತಿದ್ದ. ಕೈ ಬೀಸಲಿಲ್ಲ.

ತಿಂಗಳ ಮೇಲೆ ಒಮ್ಮೆ ಅವನ ಫೋನು ಬಂತು. ಬಾಗಿಲು ಸರಿಯಾಗಿ ಸರಿಯುತ್ತಿದೆಯೇ ಎಂದು ಕೇಳಿದ. ಸರಿಯುತ್ತಿದೆ ಎಂದಳು. ಹಳಿಗೆ ಸ್ವಲ್ಪ ಎಣ್ಣೆ ಬಿಡಿ ಎಂದ, ಬಿಟ್ಟಿದ್ದೇನೆ ಎಂದಳು. ಮಕ್ಕಳು ಹೇಗಿದ್ದಾರೆ ಎಂದ. ಚೆನ್ನಾಗಿದ್ದಾರೆ, ನಿಮ್ಮವರು ಹೇಗಿದ್ದಾರೆ ಎಂದಳು. ಅವನು, "ಸಂತೋಷ, ಇಡ್ತೀನಿ," ಎಂದ. ಮತ್ತೆ ಫೋನು ಬರಲಿಲ್ಲ. ಅವಳೂ ಮಾಡಲಿಲ್ಲ. ಮಾಡಬೇಕೆಂದು ಎರಡು ಸಲ ಅಂದುಕೊಂಡಳು. ಕೇಳಲು ಗಾಡಿಯಲ್ಲಿ ಯಾವ ತೊಂದರೆಯೂ ಇರಲಿಲ್ಲ.

ವ್ಯಾನು ಒಗ್ಗಿತು. ಬೆಳಿಗ್ಗೆ ಮೂವರನ್ನೂ ಕಟ್ಟಿ ಕೂರಿಸಲು ಆರು ನಿಮಿಷ ಸಾಕು. ಸೀಟಿನ ಸಂದಿಯಲ್ಲಿ ಬಿಸ್ಕತ್ತಿನ ಪುಡಿ ಸೇರಿತು, ಒಂದು ಕಾಲುಚೀಲ ಕಳೆಯಿತು. ಮಗಳ ಗಲ್ಲದ ಗುರುತು ಮಾಸಿತು. ಡ್ರೈವಿಂಗ್ ಸ್ಕೂಲಿನವರು, "ಬ್ರೇಕಕ್ಕ ಬಸ್ಸು ತಂದ್ಲು," ಎಂದು ತಮಾಷೆ ಮಾಡಿದರು.

ಒಂದು ಶನಿವಾರ ಮಧ್ಯಾಹ್ನ ಸಾಮಾನು ತರಲು ಹೊರಟಳು. ಮಾರುಕಟ್ಟೆ ಮುಟ್ಟುವಷ್ಟರಲ್ಲಿ ಹಿಂದೆ ಸದ್ದಡಗಿತು. ಮೂವರೂ ನಿದ್ದೆ ಹೋಗಿದ್ದರು, ಮೂರು ತಲೆಗಳೂ ಒಂದೇ ಕಡೆ ವಾಲಿ. ಇಳಿಸಿದರೆ ಎಚ್ಚರ, ಬಿಟ್ಟು ಹೋಗುವಂತಿಲ್ಲ. ಗೋಡೆಯ ನೆರಳಿಗೆ ಗಾಡಿ ನಿಲ್ಲಿಸಿ, ಕಿಟಕಿಗಳನ್ನು ಅಷ್ಟಷ್ಟು ಇಳಿಸಿ, ಎಂಜಿನ್ ಆರಿಸಿದಳು. ಎಚ್ಚರವಿದ್ದಾಗ ಬಾಯಿಗೆ ಬೀಗವಿಲ್ಲದ ಮಕ್ಕಳು. ಅಷ್ಟು ಮೌನ ಅವಳು ಕೇಳಿ ಬಹಳ ದಿನವಾಗಿತ್ತು.

ಫೋನು ತೆಗೆದು ಹೆಸರುಗಳ ಪಟ್ಟಿಯನ್ನು ಮೇಲಿನಿಂದ ಕೆಳಗೆ ಸರಿಸಿದಳು. ಕಲಿತು ಹೋದವರು, ಕಲಿಯುತ್ತಿರುವವರು, ಗ್ಯಾಸಿನವನು, ಮಕ್ಕಳ ಡಾಕ್ಟರು, ಭಾವ. ಸುಮ್ಮನೆ, 'ಮೂವರೂ ಮಲಗಿದ್ದಾರೆ ನೋಡು' ಎಂದು ಹೇಳಿಕೊಳ್ಳುವಂಥ ಒಂದು ಹೆಸರು ಸಿಗಲಿಲ್ಲ. ಗಂಡನ ನಂಬರು ಇನ್ನೂ ಅಲ್ಲೇ ಇತ್ತು. ಅದನ್ನು ದಾಟಿ ಫೋನು ಆರಿಸಿಟ್ಟಳು.

ಎದುರಿಗೆ ಜನ ಚೀಲ ಹಿಡಿದು ಹೋಗುತ್ತಿದ್ದರು, ಬರುತ್ತಿದ್ದರು. ಒಂದು ಹಣ್ಣಿನ ಗಾಡಿ ಖಾಲಿಯಾಗಿ, ಮತ್ತೆ ತುಂಬಿತು. ಚೀಲದಲ್ಲಿ ಮಗಳು ಅರ್ಧ ತಿಂದು ಬಿಟ್ಟ ಬನ್ನಿತ್ತು. ಅದನ್ನು ಸದ್ದಾಗದಂತೆ ಬಿಡಿಸಿ, ಸಣ್ಣ ಸಣ್ಣ ತುಂಡು ಮಾಡಿ ತಿಂದಳು. ಗಂಟೆ ಕಳೆದ ಮೇಲೆ ಅವಳಿಗಳಲ್ಲೊಬ್ಬ ಕಣ್ಣು ಬಿಟ್ಟು ಅವಳನ್ನೇ ನೋಡಿದ. ಅಳಲಿಲ್ಲ. ಅವಳು ಹಿಂದಕ್ಕೆ ಕೈ ಚಾಚಿ ಅವನ ಪಾದ ಹಿಡಿದುಕೊಂಡಳು. ಉಳಿದಿಬ್ಬರು ಏಳುವವರೆಗೆ ಇಬ್ಬರೂ ಹಾಗೇ ಕೂತಿದ್ದರು.