ಪಾಯಸ ಬಡಿಸುವವನನ್ನು ದಿಲ್ಲಿಗೆ ಕಳಿಸುವುದೇ?

ತೊಂಬತ್ತರ ದಶಕದಲ್ಲಿ ನಮ್ಮ ಸಿದ್ದಾಪುರದ ಕಡೆ ರಾಜಕಾರಣಿಯ ಯೋಗ್ಯತೆಯನ್ನು ಜನ ಅಳೆಯುತ್ತಿದ್ದದ್ದು ಊಟದ ಪಂಕ್ತಿಯಲ್ಲಿ. ತಮಾಷೆಗೆ ಹೇಳುತ್ತಿಲ್ಲ. ನಮ್ಮ ಜಿಲ್ಲಾ ಪಂಚಾಯತ ಮೆಂಬರು ಎರಡು ಸಲ ಗೆದ್ದದ್ದು ಭಾಷಣದಿಂದಲ್ಲ, ಮಾಡಿಸಿದ ರಸ್ತೆಯಿಂದಲೂ ಅಲ್ಲ, ಸೌಟಿನಿಂದ. ಯಾರ ಮನೆಯ ಮದುವೆಯಾದರೂ ಸರಿ, ಆತ ಬಂದವನೇ ಅಂಗಿ ಕಳಚಿ ಮೊಳೆಗೆ ಸಿಕ್ಕಿಸಿ, ಶಾಲನ್ನು ಸೊಂಟಕ್ಕೆ ಬಿಗಿದು, ಪಾಯಸದ ಬಕೆಟ್ ಹಿಡಿದು ಪಂಕ್ತಿಗೆ ಇಳಿಯುತ್ತಿದ್ದ. ಇವತ್ತು ವಾನಳ್ಳಿಯ ಉಪನಯನ, ನಾಳೆ ತ್ಯಾಗಲಿಯ ಮದುವೆ, ನಾಡಿದ್ದು ಯಲ್ಲಾಪುರದಲ್ಲಿ ಯಾರದೋ ಗೃಹಪ್ರವೇಶ. ಯಾರಿಗೆ ಸಕ್ಕರೆ ಕಾಯಿಲೆ, ಯಾರು ಅಪ್ಪೆಹುಳಿಯನ್ನು ಎರಡನೇ ಸಲ ಕೇಳುತ್ತಾರೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ಬಡಿಸಿಕೊಂಡವರು ಎಲೆಯ ಮುಂದೆ ಕೂತಲ್ಲೇ ಕರಗುತ್ತಿದ್ದರು.

ನನಗೆ ಬೇಕಾಗಿದ್ದದ್ದು ಪಾಯಸವಲ್ಲ, ಜಮೀನಿನ ಪಟ್ಟಾ. ಅಪ್ಪಯ್ಯ ಕಾಡಂಚಿನಲ್ಲಿ ಜಿಗ್ಗು-ಪೊದೆ ಕಡಿದು ಒಂದೂವರೆ ಎಕರೆ ಗದ್ದೆ ಮಾಡಿದ್ದ. ಕಾಗದದಲ್ಲಿ ಅದು ಅರಣ್ಯ, ನಾವು ಅತಿಕ್ರಮಣದಾರರು. ನಮ್ಮ ಅಕ್ಕಿ ಬರುತ್ತಿದ್ದದ್ದು ಅಲ್ಲಿಂದಲೇ, ಬೇರೆ ಜಮೀನು ನಮಗೆ ಇರಲಿಲ್ಲ. ಅಪ್ಪಯ್ಯ ತೀರಿಕೊಂಡ ಮೇಲೆ ಅರ್ಜಿಗಳ ಚೀಲ ನನ್ನ ಹೆಗಲಿಗೆ ಬಂತು. ಮೆಂಬರನ್ನು ಕಂಡಾಗಲೆಲ್ಲ ಕೇಳುತ್ತಿದ್ದೆ, ಅವನು ಪ್ರತಿ ಸಲ ನನ್ನ ಹೆಗಲ ಮೇಲೆ ಕೈಯಿಟ್ಟು ಒಂದೇ ಮಾತು ಹೇಳುತ್ತಿದ್ದ:

“ತಮಾ, ಅದೆಲ್ಲ ದಿಲ್ಲಿಲಿ ಇದ್ದು. ಇಲ್ಲಿ ಕೂತು ಎಂತೂ ಮಾಡಲೆ ಆಗ್ತಿಲ್ಲೆ.”

ಹಾಗಿರುವಾಗ, ಹೊಸ ಶತಮಾನ ಶುರುವಾದ ಮೇಲೆ, ಲೋಕಸಭೆಗೆ ನಿಲ್ಲುತ್ತೀಯಾ ಎಂದು ಅವನ ಪಕ್ಷದವರೇ ಅವನನ್ನು ಕೇಳಿದರು. ಸುದ್ದಿ ಕೇಳಿ ನಾನು ಗದ್ದೆಯ ಬದುವಿನ ಮೇಲೆ ನಿಂತು ಒಬ್ಬನೇ ನಕ್ಕಿದ್ದೆ. ಕಡತ ದಿಲ್ಲಿಯಲ್ಲಿದೆ, ಇವನೂ ದಿಲ್ಲಿಗೆ ಹೋಗುತ್ತಾನೆ, ಇನ್ನೇನು ಬೇಕು? ಆದರೆ ಅವನು, ಜನ ಹೇಳಿದ ಹಾಗೆ ಮಾಡುತ್ತೇನೆ ಎಂದು ಸಭೆ ಕರೆದ. ಸಭೆ ಎಲ್ಲಿ? ಕಲ್ಯಾಣಮಂಟಪದ ಊಟದ ಹಾಲ್‌ನಲ್ಲಿ. ಒಗ್ಗರಣೆಯ ವಾಸನೆ ಆಗಲೇ ಮೂಗಿಗೆ ಬಡಿಯುತ್ತಿತ್ತು.

ಮೊದಲು ಎದ್ದವರು ಹೆಗಡೆಕಟ್ಟಾ ಕಡೆಯ ಹಿರಿಯರೊಬ್ಬರು, ಊರಿನಲ್ಲಿ ಬುದ್ಧಿವಂತರೆಂದು ಹೆಸರಾದವರು. ದೇಶದ ಬಗ್ಗೆ ಏನಾದರೂ ಹೇಳುತ್ತಾರೆಂದು ಕಾದೆ.

“ಮೇ ತಿಂಗಳಲ್ಲಿ ನಮ್ಮನೆ ಮಗಳ ಮದ್ವೆ ಇದ್ದು,” ಎಂದರು. “ಇಂವ ದಿಲ್ಲಿಗೆ ಹೋದ್ರೆ ಪಂಕ್ತಿ ನೋಡ್ಕಂಬವು ಯಾರು?”

ಸಭೆಗೆ ಸಭೆಯೇ ಹೌದು ಹೌದು ಎಂದಿತು. ಬನವಾಸಿ ಕಡೆಯ ವ್ಯಾಪಾರಿಯೊಬ್ಬರು ಕೈ ಮುಗಿದು, “ಬ್ಯಾಡ್ರಿ, ನೀವು ಇಲ್ಲೇ ಇರ್ರಿ. ನಮ್ಮಪ್ಪ ಸತ್ತಾಗ ಮೂರೂ ದಿನ ಬಂದ್ರಿ, ಅಷ್ಟ ಸಾಕ್ರಿ ನಮಗ,” ಎಂದು ಕಣ್ಣೊರೆಸಿಕೊಂಡರು. ಇನ್ನೊಬ್ಬರ ಮನೆಯಲ್ಲಿ ಷಷ್ಟ್ಯಬ್ದಿ ಇತ್ತು, ಮತ್ತೊಬ್ಬರಲ್ಲಿ ಮೊಮ್ಮಗನ ಉಪನಯನ. ಒಂದು ಲೋಕಸಭೆ ಚುನಾವಣೆಯನ್ನು ಇವರು ಮುಹೂರ್ತದ ಪಟ್ಟಿ ನೋಡಿ ತೀರ್ಮಾನಿಸುತ್ತಿದ್ದರು. ಅಲ್ಲಿದ್ದವರಲ್ಲಿ ಕಡಿಮೆಯೆಂದರೂ ಅರ್ಧ ಜನ ನನ್ನ ಹಾಗೆಯೇ ಅತಿಕ್ರಮಣದಾರರು. ನನಗೆ ಮೈಯೆಲ್ಲ ಉರಿದುಹೋಯಿತು. ಮೆಂಬರಂತೂ ಬಕೆಟ್ಟು ಕೈಯಿಂದ ಜಾರಲಿಲ್ಲವಲ್ಲ ಎಂಬ ಸಮಾಧಾನದಲ್ಲಿ ಕೂತಿದ್ದ. ದಿಲ್ಲಿಯಲ್ಲಿ ತನ್ನನ್ನು ಯಾರೂ ಗುರುತಿಸುವುದಿಲ್ಲ ಎಂಬುದು ಅವನಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು.

ನಾನು ಎದ್ದು ನಿಂತೆ. ಹೇಳಬೇಕಾದದ್ದನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಂಡು ಬಂದಿದ್ದೆ: ನಮಗೆ ಬಡಿಸುವವರು ಬೇಕಾದಷ್ಟು ಜನ ಇದ್ದಾರೆ, ಕೇಳುವವ ಒಬ್ಬ ಬೇಕು, ನೀನು ಹೋಗು. ಬಾಯಿ ತೆರೆಯುವಷ್ಟರಲ್ಲಿ ಅವನೇ ನನ್ನತ್ತ ತಿರುಗಿ ನಕ್ಕ.

“ತಮಾ, ನಿನ್ನ ಹೆಂಡ್ತಿಗೆ ಏಳು ತಿಂಗಳಾತು ಅಲ್ದಾ? ಹೆಸರಿಡೋ ದಿನ ಆನೇ ಖುದ್ದು ಬಂದು ಬಡಿಸ್ತೆ.”

ಎಲ್ಲರೂ ಚಪ್ಪಾಳೆ ತಟ್ಟಿದರು. ಏಳನೇ ತಿಂಗಳು ಎಂಬುದು ಅವನಿಗೆ ನೆನಪಿತ್ತು! ಕೂತುಬಿಟ್ಟೆ. ಇಲ್ಲೇ ಇರಲಿ ಎನ್ನುವವರು ಕೈ ಎತ್ತಿ ಎಂದಾಗ ನನ್ನ ಕೈಯೂ ಮೇಲೆ ಹೋಯಿತು. ಅವರನ್ನೆಲ್ಲ ಮೂರ್ಖರೆಂದು ಬೈದುಕೊಂಡಿದ್ದ ನಾನು ಆ ಸಭೆಯ ಅತಿ ದೊಡ್ಡ ಮೂರ್ಖ. ಉಳಿದವರಾದರೋ ದಿಲ್ಲಿಯನ್ನು ಮರೆತು ಕೈ ಎತ್ತಿದ್ದರು, ನಾನು ನೆನಪಿಟ್ಟುಕೊಂಡೇ ಎತ್ತಿದೆ.

ಮನೆಗೆ ಬಂದು ಆದದ್ದನ್ನು ಹೆಂಡತಿಗೆ ಹೇಳಿದೆ. ಅವಳು ಕೇಳಿದಳು:

“ಪಾಯ್ಸ ಚೊಲೋ ಆಗಿತ್ತಾ?”

ನಾಮಕರಣಕ್ಕೆ ಅವನು ಬಂದ, ಕೊಟ್ಟ ಮಾತಿನಂತೆ ಬಡಿಸಿದ. ಅದಾಗಿ ಎರಡನೇ ವರ್ಷ ಒಂದು ಬೆಳಿಗ್ಗೆ ಅರಣ್ಯದವರು ಜೀಪಿನಲ್ಲಿ ಬಂದು ನಮ್ಮ ಗದ್ದೆಯ ಬೇಲಿ ಕಿತ್ತರು. ಭತ್ತ ಹಾಲುಗಟ್ಟಿದ ಹೊತ್ತು. ನಾನು ಅರ್ಜಿಗಳ ಚೀಲ ಹಿಡಿದುಕೊಂಡು ನಿಂತಿದ್ದೆ, ಹೆಂಡತಿ ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ಅಷ್ಟರಲ್ಲಿ ಊರವರು ಸೇರಿದರು. ಸುದ್ದಿ ತಿಳಿದು ಮೆಂಬರೂ ಓಡೋಡಿ ಬಂದ. ಬಂದವನು ಅಧಿಕಾರಿಯ ಹತ್ತಿರ ಎರಡು ಮಾತಾಡಿದ, ಅವರು ಮೇಲಿನ ಆದೇಶ ಎಂದರು, ಇವನು ತಲೆಯಾಡಿಸಿದ. ಆಮೇಲೆ ನಮ್ಮ ಅಡುಗೆಮನೆಗೆ ಹೋಗಿ ಕೊಡಪಾನದಲ್ಲಿ ಮಜ್ಜಿಗೆ ಕದಡಿಕೊಂಡು ಬಂದ. ಶಾಲು ಸೊಂಟಕ್ಕೆ ಬಿಗಿದಾಗಿತ್ತು. ಬೇಲಿ ಕೀಳುತ್ತಿದ್ದ ಗಾರ್ಡುಗಳಿಗೂ ನೋಡುತ್ತ ನಿಂತವರಿಗೂ ಒಬ್ಬರನ್ನೂ ಬಿಡದೆ ಹಂಚಿದ.

“ನೋಡು,” ಎಂದರು ಪಕ್ಕದ ಮನೆಯ ಮಾವ, ಅಭಿಮಾನದಿಂದ ನನ್ನ ತೋಳು ಹಿಡಿದು. “ದಿಲ್ಲಿಗೆ ಹೋಗಿದ್ರೆ ಇವತ್ತು ಇಂವ ಬತ್ತಿದ್ನ?”

ಮೆಂಬರು ನನ್ನ ಮುಂದೆ ಬಂದು ನಿಂತ. ಅವನ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು. ಬೈಯಬೇಕೆಂದಿದ್ದೆ. ಅವನು ಸೌಟು ಎತ್ತಿದ, ನಾನು ಲೋಟ ಒಡ್ಡಿದೆ.