ದೀಪಕ್ಕೆ ಹಿಡಿದ ಎಳೆ

ಅಪ್ಪನನ್ನು ನಾನು ಎಂದೋ ಕ್ಷಮಿಸಿದೆ. ಮಾಸ್ತರರನ್ನು ಮಾತ್ರ ಇಲ್ಲ. ಪಾಠ ಹೇಳಿಕೊಟ್ಟವರ ಮೇಲೆ ಸಿಟ್ಟೇ ಎಂದು ಕೇಳಬೇಡಿ, ಇದೆ, ಅಷ್ಟೆ.

ಐವತ್ತರ ದಶಕ. ಗಜೇಂದ್ರಗಡದ ನಮ್ಮ ನೇಕಾರರ ಓಣಿಯಿಂದ ಶಾಲೆಗೆ ಹೋಗುತ್ತಿದ್ದ ಹುಡುಗಿ ನಾನೊಬ್ಬಳೇ. "ನೂಲು ಸುತ್ತೋ ಕೈಗೆ ಪಾಟಿ ಯಾಕ?" ಎಂದು ಅಜ್ಜಿ ದಿನಾ ಗೊಣಗುತ್ತಿದ್ದಳು. ಅಪ್ಪ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ.

ಒಂದು ದಿನ ಮಾಸ್ತರರು ನಮ್ಮಿಂದ ಹತ್ತಿ, ಕಂಬಳಿಯ ಉಣ್ಣೆ, ಕಾಗದ, ರೇಷ್ಮೆಯ ಎಳೆ, ಒಂದಿಷ್ಟು ಕೂದಲು ತರಿಸಿ, ಕಬ್ಬಿಣದ ಇಕ್ಕಳದಲ್ಲಿ ಹಿಡಿದು ಒಂದೊಂದಾಗಿ ಸುಟ್ಟರು. "ಮೂಗಿಲೆ ನೋಡ್ರಿ," ಎಂದರು. ಉಣ್ಣೆ, ರೇಷ್ಮೆ ಸುಟ್ಟರೆ ಕೂದಲು ಸುಟ್ಟ ನಾತ. ಹತ್ತಿಗೆ ಕಾಗದ ಸುಟ್ಟ ವಾಸನೆ. ನನಗಂತೂ ಹುಚ್ಚೇ ಹಿಡಿಯಿತು. ಮನೆಯಲ್ಲಿ ಚಾದರ, ಕಸಬರಿಗೆ, ಅಜ್ಜಿಯ ಎಲೆಅಡಿಕೆ ಚೀಲ, ಯಾವುದನ್ನೂ ಬಿಡಲಿಲ್ಲ.

ಆ ವಾರವೇ ಅಪ್ಪನ ಬೆನ್ನು ಹತ್ತಿ ಸಾವುಕಾರನ ಅಂಗಡಿಗೆ ಹೋದೆ. ನಮಗೆ ನೂಲು ಕೊಡುವವನೂ ಅವನೇ, ನೇಯ್ದ ಸೀರೆ ಮಾರುವವನೂ ಅವನೇ. ಮದುವೆ ಜವಳಿಗೆಂದು ಜಕ್ಕಲಿಯ ಮಂದಿ ಕೂತಿದ್ದರು. ಸಾವುಕಾರ ಅಪ್ಪ ತಂದ ಸೀರೆ ಬಿಚ್ಚಿ, "ಸೆರಗು ಅಪ್ಪಟ ರೇಷ್ಮಿರಿ," ಎಂದ. ನಾನು ಸೆರಗಿನ ತುದಿಯ ಎಳೆಯೊಂದನ್ನು ಕಿತ್ತು ದೇವರ ದೀಪಕ್ಕೆ ಹಿಡಿದು ಮೂಸಿದೆ.

"ಅಯ್ಯ, ರೇಷ್ಮಿ ಅಲ್ರಿ ಇದು! ಕಾಗದ ಸುಟ್ಟಂಗ ನಾತ ಬರ್ತೈತಿ!"

ಮದುವೆ ಮಂದಿಯ ಹಿರಿಯನೊಬ್ಬ ತಾನೂ ಒಂದೆಳೆ ಸುಟ್ಟು ನೋಡಿದ. ಎಲ್ಲರೂ ಎದ್ದು ಹೊರಟೇಹೋದರು. ಸಾವುಕಾರ ಗಾದಿ ಇಳಿದು ಬಂದು ಅಪ್ಪನ ಕಪಾಳಕ್ಕೆ ಬಾರಿಸಿದ. ಅಪ್ಪನ ರುಮಾಲು ಮೆಟ್ಟಿಲ ಮೇಲೆ ಬಿತ್ತು. ಅಪ್ಪ ರುಮಾಲು ಎತ್ತಿಕೊಂಡ, ನನ್ನ ಜಡೆ ಹಿಡಿದ, ಬಜಾರದುದ್ದಕ್ಕೂ ದನಕ್ಕೆ ಬಡಿದಂತೆ ಬಡಿದ. ನನ್ನ ತುಟಿ ಒಡೆದು ಲಂಗದ ಮೇಲೆಲ್ಲ ರಕ್ತ.

ಮನೆಗಲ್ಲ, ನೆಟ್ಟಗೆ ಶಾಲೆಗೆ ಎಳೆದೊಯ್ದ. ಮೇಜಿನ ಮೇಲೆ ಅದೇ ಇಕ್ಕಳವಿತ್ತು. ಎತ್ತಿ ಮಾಸ್ತರರ ಹಣೆಗೆ ಬೀಸಿದ.

ಮಾಸ್ತರರು ಹಣೆ ಒತ್ತಿಕೊಂಡು ಕೇಳಿದರು, "ಯಾಕಪಾ, ಹುಡುಗಿ ಸುಳ್ಳು ಹೇಳ್ಯಾಳೇನು?"

"ಇಲ್ರಿ, ಖರೇನ ಹೇಳ್ಯಾಳ!" ಅಪ್ಪ ಅಳುತ್ತಿದ್ದ. "ನಕಲಿ ರೇಷ್ಮಿ ಅಂತ ನೂಲು ಬಂದ ದಿನಾನ ಗೊತ್ತಿತ್ತು ನನಗ. ಇನ್ನ ನೂಲು ಯಾರು ಕೊಡ್ತಾರ್ರೀ? ಮಗ್ಗ ನಿಂತು ಹೋತು. ಈಕಿ ನಾಳಿಂದ ಸಾಲಿಗೆ ಬರಂಗಿಲ್ಲ."

ನಾನು ಮಾಸ್ತರರ ಮುಖವನ್ನೇ ನೋಡಿದೆ. ಒಂದು ಮಾತು, ಒಂದೇ ಮಾತು ಆಡಿದ್ದರೆ ಸಾಕಿತ್ತು. ಅವರು ಧೋತರದ ಚುಂಗಿನಿಂದ ರಕ್ತ ಒರೆಸಿಕೊಂಡರು, ಹಾಜರಿ ಪುಸ್ತಕ ತೆರೆದರು, ನನ್ನ ಹೆಸರಿನ ಮೇಲೆ ಗೆರೆ ಎಳೆದರು.