ಎಳೆ ಕೀಳದೆ ಕೊಟ್ಟ ಸ್ವೆಟರ್

ಹಳೇ ಬಟ್ಟೆಯ ಅಂಗಡಿಗೆ ಹೋಗುವವರಿಗೆ ಏನೇನು ಆಗಬಹುದು ಎಂಬುದರ ಪಟ್ಟಿ ನನ್ನ ತಲೆಯಲ್ಲಿ ಸದಾ ಸಿದ್ಧವಿರುತ್ತದೆ. ತಿಗಣೆ ಮನೆ ಸೇರಬಹುದು. ಯಾರದೋ ಕಜ್ಜಿ ನಮ್ಮ ಮೈಗೆ ಹತ್ತಬಹುದು. ಕೊಂಡ ಸೀರೆಯನ್ನು ಉಟ್ಟು ಮದುವೆಗೆ ಹೋದರೆ ಅದರ ಹಳೆಯ ಒಡತಿಯೇ ಎದುರು ಪಂಕ್ತಿಯಲ್ಲಿ ಕೂತು, ಹೋಳಿಗೆ ಬಿಟ್ಟು ನನ್ನ ಸೆರಗನ್ನೇ ನೋಡಬಹುದು. ಕದ್ದ ಮಾಲಾಗಿದ್ದು ಪೊಲೀಸರು ಹುಡುಕಿಕೊಂಡು ಬರಬಹುದು. ಬಂದ ಪೊಲೀಸರಿಗೆ ಕಾಫಿ ಕೊಡಬೇಕೇ ಬೇಡವೇ ಎಂದು ತಿಳಿಯದೆ ನಾನು ಒದ್ದಾಡಬಹುದು. ಅಟ್ಟದ ಮೇಲಿನ ಟ್ರಂಕು ತಲೆಯ ಮೇಲೆ ಬೀಳಬಹುದು. ಸತ್ತೇ ಹೋದರೆ, ಕೈಯಲ್ಲಿ ಹಿಡಿದಿದ್ದ ಯಾರದೋ ಲಂಗವನ್ನು ನನ್ನದೇ ಎಂದು ತಿಳಿದು ಜೊತೆಗೇ ಸುಟ್ಟುಬಿಡಬಹುದು.

ಇವುಗಳಲ್ಲಿ ಒಂದೂ ಆಗಲಿಲ್ಲ. ಈ ಪಟ್ಟಿಯಲ್ಲಿ ಇಲ್ಲದ ಒಂದು ಸಣ್ಣ ನಷ್ಟ ಮಾತ್ರ ಆಯಿತು. ಅದನ್ನು ಕೊನೆಗೆ ಹೇಳುತ್ತೇನೆ.

ಇಷ್ಟಕ್ಕೆಲ್ಲ ಹೆದರುವ ನಾನು ದೆವ್ವಕ್ಕೆ ಮಾತ್ರ ಹೆದರಿದವಳಲ್ಲ. ಸತ್ತವರು ಕಂಡರು, ಮಾತಾಡಿದರು ಎಂದು ಯಾರಾದರೂ ಹೇಳಿದರೆ ಮುಖ ತಿರುಗಿಸಿಕೊಂಡು ನಗುತ್ತಿದ್ದೆ. ಇದೇನೂ ಧೈರ್ಯವಲ್ಲ. ಗ್ಯಾಸ್ ಆಫ್ ಮಾಡಿದೆನೇ, ಬೀಗ ಹಾಕಿದೆನೇ ಎಂದು ಯೋಚಿಸುವುದರಲ್ಲೇ ನನ್ನ ದಿನ ಮುಗಿಯುತ್ತಿತ್ತು. ಇಲ್ಲದವರ ಬಗ್ಗೆ ಹೆದರಲು ಪುರುಸೊತ್ತೇ ಇರಲಿಲ್ಲ. ಈಗಲೂ ನಂಬುತ್ತೇನೆಂದು ಹೇಳುತ್ತಿಲ್ಲ. ನಗುವುದನ್ನು ನಿಲ್ಲಿಸಿದ್ದೇನೆ, ಅಷ್ಟೆ.

ನಾನು, ಅಮ್ಮ ಇಬ್ಬರೇ ಮೈಸೂರಿನ ಯಾದವಗಿರಿಯ ಒಂದು ಬಂಗಲೆಯ ಹಿಂಭಾಗದಲ್ಲಿ ಬಾಡಿಗೆಗಿದ್ದೆವು. ನನ್ನ ಕೆಲಸ ಮೇಟಗಳ್ಳಿಯ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ. ಸಾವಿರಾರು ನಟ್ಟು ಬೋಲ್ಟುಗಳಲ್ಲಿ ಯಾವುದು ಯಾವ ಕಪಾಟಿನಲ್ಲಿದೆ ಎಂದು ಹೇಳಬಲ್ಲೆ. ನನ್ನ ಸಾಮಾನು ಎಲ್ಲಿದೆ ಎಂದು ಮಾತ್ರ ಒಂದು ದಿನವೂ ಗೊತ್ತಿರಲಿಲ್ಲ. ಊಟದ ಡಬ್ಬಿಯನ್ನೋ ಕನ್ನಡಕವನ್ನೋ ಕೊಡೆಯನ್ನೋ ಬಿಟ್ಟು ಹೊರಡುವುದು ನನ್ನ ಪಾಲಿನ ಕೆಲಸವಾದರೆ, ಅದನ್ನು ಹಿಡಿದು ಗೇಟಿನವರೆಗೆ ಓಡಿ ಬರುವುದು ಅಮ್ಮನ ಪಾಲಿನದು. ಓಡಿ ಬಂದು, ಏದುಸಿರು ಬಿಡುತ್ತ, “ನಿನ್ನ ಗಂಡ ಆಗ್ಬೇಕಾಗಿದ್ದೋನು ಯಾರೋ ಪುಣ್ಯವಂತ ಕಣೇ, ತಪ್ಪಿಸ್ಕೊಂಡ” ಎನ್ನುತ್ತಿದ್ದಳು. ನನ್ನ ಮದುವೆಯ ವಿಷಯದಲ್ಲಿ ಹೇಳಬೇಕಾದದ್ದೂ ಅಷ್ಟೇ.

ಅಮ್ಮನ ಬಳಿ ಒಂದು ಸ್ವೆಟರ್ ಇತ್ತು. ತಾನೇ ಹೆಣೆದುಕೊಂಡದ್ದು, ಬೆಲ್ಲದ ಬಣ್ಣದ್ದು. ಹೆಣೆಯುತ್ತ ಎಡತೋಳಿನ ಮೊಣಕೈಗೆ ಬರುವ ಹೊತ್ತಿಗೆ ಉಣ್ಣೆ ಮುಗಿದಿತ್ತು, ಅಂಗಡಿಯಲ್ಲಿ ಅದೇ ಬಣ್ಣ ಸಿಗಲಿಲ್ಲ. ಹಾಗಾಗಿ ಮೊಣಕೈಯಿಂದ ಕೆಳಕ್ಕೆ ಮಾತ್ರ ಹಳೇ ಬೆಲ್ಲದ ಹಾಗೆ ಒಂದು ಛಾಯೆ ಕಪ್ಪು. ನಾಲ್ಕು ಗುಂಡಿಗಳು ಕಂದು. ಕತ್ತಿನ ಹತ್ತಿರದ್ದು ಅಪ್ಪನ ಕೋಟಿನಿಂದ ಬಿಚ್ಚಿದ ಕರಿಯ ಗುಂಡಿ. ದೀಪಾವಳಿ ಕಳೆದ ಮೇಲೆ ಅದನ್ನು ತೊಟ್ಟರೆ ಶಿವರಾತ್ರಿಯವರೆಗೆ ಬಿಚ್ಚುತ್ತಿರಲಿಲ್ಲ.

ಅಮ್ಮ ತೀರಿಕೊಂಡಳು. ಹದಿಮೂರು ದಿನ ಕಳೆದ ಮೇಲೆ, ಕರ್ಮಕ್ಕೆ ಬಂದು ಉಳಿದುಕೊಂಡಿದ್ದ ನನ್ನ ಸೋದರತ್ತೆ, ಸತ್ತವರ ಬಟ್ಟೆ ಮನೆಯಲ್ಲಿರಬಾರದೆಂದು ಹಟ ಹಿಡಿದರು. ಸ್ಟೀಲ್ ಪಾತ್ರೆಗಳ ಬುಟ್ಟಿ ಹೊತ್ತು, ಹಳೇ ಬಟ್ಟೆಗೆ ಪಾತ್ರೆ ಕೊಡುತ್ತೇವೆಂದು ಕೂಗುತ್ತ ಬರುವ ಹೆಂಗಸರನ್ನು ನೀವೂ ಕಂಡಿರುತ್ತೀರಿ. ಅಂಥವಳೊಬ್ಬಳನ್ನು ಅತ್ತೆಯೇ ಗೇಟಿನ ಒಳಗೆ ಕರೆದರು.

ನಮ್ಮ ಮನೆಯಲ್ಲಿ ಒಂದು ಪದ್ಧತಿ. ಉಟ್ಟ ಬಟ್ಟೆಯನ್ನು ಹೊರಗೆ ಕೊಡುವ ಮುಂಚೆ ಅಂಚಿನಿಂದ ಒಂದು ಎಳೆ ನೂಲು ಕಿತ್ತು ಇಟ್ಟುಕೊಳ್ಳುತ್ತೇವೆ. ಕೀಳದೆ ಕೊಟ್ಟರೆ ಉಟ್ಟವರೂ ಬಟ್ಟೆಯ ಹಿಂದೆಯೇ ಹೋಗಿಬಿಡುತ್ತಾರೆ ಎಂದು ಅಮ್ಮ ಹೇಳುತ್ತಿದ್ದಳು. ನಾನು ಒಂದೊಂದೇ ಸೀರೆಯಿಂದ ಎಳೆ ಕಿತ್ತು ಕುಂಕುಮದ ಬಟ್ಟಲಿನಲ್ಲಿ ಹಾಕಿದೆ. ಪಾತ್ರೆಯವಳು ಸೀರೆಗಳನ್ನು ಬೆಳಕಿಗೆ ಹಿಡಿದು ನೋಡಿ ಮೂಗು ಮುರಿದಳು. “ಇದಕ್ಕೆಲ್ಲ ಡಬ್ಬ ಬರಾಕಿಲ್ಲ ಕಣಮ್ಮ. ಲೋಟ ಬತ್ತದೆ. ಆ ಸ್ವೆಟರ್ ಹಾಕಿ, ಮುಚ್ಚಳದ ಡಬ್ಬ ಕೊಟ್ಬುಡ್ತೀನಿ.”

“ಹಾಕೇ ಅದನ್ನೂ. ಅಳ್ತಾ ಕೂತ್ಕೊಂಡ್ರೆ ಡಬ್ಬ ಬರತ್ತಾ?” ಎಂದರು ಅತ್ತೆ.

ಹಾಕಿದೆ. ಎಳೆ ಕೀಳಲಿಲ್ಲ. ಹೆಣೆದ ಬಟ್ಟೆಯಿಂದ ಎಳೆ ಎಳೆದರೆ ಪೂರ್ತಿ ಬಿಚ್ಚಿಕೊಂಡೀತು, ಪಾತ್ರೆಯವಳು ಬೈದಾಳು ಎಂದು ಹೆದರಿದೆ. ಅಮ್ಮನ ಸ್ವೆಟರ್ ಗಂಟಿನೊಳಗೆ ಹೋಗುತ್ತಿರುವಾಗ ನನ್ನ ಚಿಂತೆ ಅದಾಗಿತ್ತು.

ಆ ಬಾಡಿಗೆ ಮನೆ ಒಬ್ಬಳಿಗೆ ದೊಡ್ಡದಾಯಿತೆಂದು ಹಿನಕಲ್‌ನಲ್ಲಿ ಎರಡು ಕೋಣೆಯ ಮಹಡಿ ಮನೆ ಹಿಡಿದೆ. ಬೀಗ ತೆಗೆದು ಒಳಗೆ ಬಂದರೆ ನನ್ನ ಚಪ್ಪಲಿಯ ಸದ್ದು ನನಗೇ ಕೇಳುವ ಮನೆ. ಮೊದಲ ಚಳಿಗಾಲದಲ್ಲಿ ಒಂದು ಬೆಳಗ್ಗೆ ಪಾತ್ರೆಯವಳು ಕೊಟ್ಟ ಆ ಡಬ್ಬದಿಂದ ಸಕ್ಕರೆ ತೆಗೆಯುತ್ತಿದ್ದಾಗ ಇದ್ದಕ್ಕಿದ್ದಂತೆ ಹೊಳೆಯಿತು: ಅಮ್ಮನನ್ನು ಲೋಟದ ಬದಲು ಡಬ್ಬ ಸಿಗಲೆಂದು ಕೊಟ್ಟುಬಿಟ್ಟಿದ್ದೆ. ಚಮಚ ಅಲ್ಲೇ ಬಿಟ್ಟು ಕೂತೆ. ಅವತ್ತು ಕೆಲಸಕ್ಕೆ ಹೋಗಲಿಲ್ಲ.

ಆಮೇಲೆ ಹುಡುಕಾಟ ಶುರುವಾಯಿತು. ಪಾತ್ರೆಯವರು ಸಂಗ್ರಹಿಸಿದ ಬಟ್ಟೆ ಕೊನೆಗೆ ಹಳೇ ಬಟ್ಟೆಯ ಅಂಗಡಿಗಳಿಗೆ ಬರುತ್ತದೆಂದು ಕೇಳಿದ್ದೆ. ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ಮಾರ್ಕೆಟ್ಟಿನ ಹಿಂದಿನ ಓಣಿಗಳು, ಮಂಡಿ ಮೊಹಲ್ಲದ ಗಲ್ಲಿಗಳು ಎಲ್ಲ ಸುತ್ತುತ್ತಿದ್ದೆ. ಈಗಿನ ಕಾಲೇಜು ಹುಡುಗಿಯರೂ ಅಲ್ಲಿ ವಿಂಟೇಜ್ ಎಂದುಕೊಂಡು ಅಜ್ಜಿಯರ ಕಾಲದ ಬ್ಲೌಸು ಹುಡುಕುತ್ತಿರುತ್ತಾರೆ. ಆಫೀಸಿನಲ್ಲಿ ಕೇಳಿದರೆ ನಾನೂ ಅದೇ ಮಾತು ಹೇಳುತ್ತಿದ್ದೆ. ನನ್ನ ವಯಸ್ಸಿಗೆ ನಾನೇ ವಿಂಟೇಜ್, ಬೇರೆ ಕೊಳ್ಳಬೇಕಾಗಿರಲಿಲ್ಲ. ಆದರೆ ಬರಿಗೈಯಲ್ಲಿ ಬರಲು ಸಂಕೋಚವಾಗಿ ಏನಾದರೊಂದು ತರುತ್ತಿದ್ದೆ: ಮುಚ್ಚಳವಿಲ್ಲದ ಹಿತ್ತಾಳೆ ಕೂಜ, ಕೀ ಕೊಟ್ಟರೂ ಓಡದ ಗಡಿಯಾರ, ಯಾರದೋ ಮದುವೆಯ ಜರಿ ರವಿಕೆ. ಒಬ್ಬಳೇ ಇರುವ ಮನೆ ಯಾರು ಯಾರದೋ ಸಾಮಾನಿನಿಂದ ತುಂಬಿತು. ಬಂದು ಇವು ತಮ್ಮವೆಂದು ಕೇಳುವವರು ಮಾತ್ರ ಯಾರೂ ಇರಲಿಲ್ಲ.

ಹೀಗೆ ಎರಡು ವರ್ಷ ಕಳೆದ ಮೇಲೆ ಒಂದು ಶನಿವಾರ. ಚೆನ್ನೈ ಕಡೆ ಗಾಳಿ ಎದ್ದರೆ ಮೈಸೂರಿಗೆ ಜಿಟಿಜಿಟಿ ಹಿಡಿಯುವ ಕಾಲ. ಕೊಡೆ ಹಿಡಿದು ಮಂಡಿ ಮೊಹಲ್ಲದಲ್ಲಿ ನಾನು ಅದುವರೆಗೆ ಕಾಲಿಡದ ಒಂದು ಗಲ್ಲಿಗೆ ತಿರುಗಿದೆ. ಚಿಕ್ಕ ಅಂಗಡಿ, ಒಳಗೆ ಮಾಳಿಗೆಯವರೆಗೆ ಬಟ್ಟೆಯ ಗಂಟುಗಳು, ಅವುಗಳ ನಡುವೆ ಹಣೆ ತುಂಬ ವಿಭೂತಿ ಇಟ್ಟುಕೊಂಡ ದಪ್ಪನೆಯ ಹೆಂಗಸು. ಅವರ ಹೆಸರು ಶಿವಮ್ಮ ಎಂದು ಆಮೇಲೆ ತಿಳಿಯಿತು. ನೀರಿಳಿಯುವ ಕೊಡೆಯನ್ನು ಬಾಗಿಲ ಮೊಳೆಗೆ ನೇತುಹಾಕಿ ಒಳಗೆ ಕಾಲಿಟ್ಟೆ.

“ಅಯ್ಯೋ, ಬಂದ್ಬುಟ್ರಾ! ಬರೋದೇ ಇಲ್ವೇನೋ ಅನ್ಕಂಡಿದ್ದೆ” ಎಂದರು ಶಿವಮ್ಮ.

ನನ್ನ ಹಿಂದೆ ಯಾರೋ ಬಂದರೆಂದು ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಅವರು ಅಷ್ಟರಲ್ಲಿ ಗಲ್ಲಾದ ಕೆಳಗೆ ಕೈ ಹಾಕಿ ಪೇಪರಿನಲ್ಲಿ ಸುತ್ತಿದ ಒಂದು ಪೊಟ್ಟಣ ತೆಗೆದರು. “ತಕ್ಕಳಿ, ಸೋಮವಾರದಿಂದ ಎತ್ತಿಟ್ಟಿವ್ನಿ. ಕಾಲೇಜು ಹುಡ್ಗೀರು ಕಿತ್ಕೊಂಡ್ ಹೋಗೋಕ್ ಬಂದಿದ್ರು. ನೀವು ಕೊಡ್ಬೇಡ ಅಂದಿದ್ರಲ್ಲ, ಕೊಡ್ನಿಲ್ಲ.”

ಪೇಪರು ಬಿಚ್ಚಿದೆ. ಬೆಲ್ಲದ ಬಣ್ಣ. ಎಡತೋಳು ಮೊಣಕೈಯಿಂದ ಕೆಳಗೆ ಒಂದು ಛಾಯೆ ಕಪ್ಪು. ಕತ್ತಿನ ಹತ್ತಿರ ಕರಿಯ ಗುಂಡಿ.

ಅಲ್ಲಿದ್ದ ಸ್ಟೂಲಿನ ಮೇಲೆ ಕೂತೆ. ನಾನು ಈ ಗಲ್ಲಿಗೆ ಬಂದಿರುವುದೇ ಇವತ್ತು ಮೊದಲು ಎಂದು ಹೇಗೋ ಹೇಳಿದೆ. ಶಿವಮ್ಮ ನಕ್ಕರು.

“ಎಂಗಮ್ಮ ಅಂಗಂತೀರಿ? ಇದೇ ಸ್ಟೂಲ್ ಮೇಲೆ ಕೂತಿದ್ರಿ. ನೀರು ಕೇಳಿದ್ರಿ, ಕೊಟ್ಟೆ. ‘ಇದು ನಂದೇ ಕಣಮ್ಮ, ಯಾರಿಗೂ ಕೊಟ್ಬುಟ್ಟೀಯ’ ಅಂದ್ರಿ. ಅವತ್ತು ವಸಿ ಸೊರಗಿದಂಗೆ ಕಾಣ್ತಿದ್ರಿ, ಅದು ನಿಜ. ತಲೆ ಎಲ್ಲ ಬೆಳ್ಳಗಿತ್ತು. ಈಗ ಬಣ್ಣ ಹಚ್ಕಂಡಿದ್ದೀರಿ ಅಂತ ಕಾಣ್ತದೆ. ಚೆನ್ನಾಗದೆ ಬುಡಿ.”

ನಾನು ಕೂದಲಿಗೆ ಬಣ್ಣ ಹಚ್ಚುವುದು ನಿಜ. ಆದರೆ ಹಚ್ಚಿ ತಿಂಗಳಾಗಿತ್ತು. ಸೋಮವಾರ ಬೆಳಗಿನಿಂದ ಸಂಜೆಯವರೆಗೆ ನಾನು ಮೇಟಗಳ್ಳಿಯಲ್ಲಿ, ಹಾಜರಿ ಯಂತ್ರಕ್ಕೆ ಬೆರಳೊತ್ತದೆ ಹೊರಗೆ ಬಿಡದ ಗೇಟಿನ ಒಳಗಡೆ ಇದ್ದೆ. ಇದನ್ನೆಲ್ಲ ಶಿವಮ್ಮನಿಗೆ ಬಿಡಿಸಿ ಹೇಳಬೇಕಿತ್ತು. ಹೇಳಿದರೆ ಎಲ್ಲಿ ಸ್ವೆಟರನ್ನು ವಾಪಸ್ಸು ಇಸಿದುಕೊಂಡು, ಎತ್ತಿಡಲು ಹೇಳಿದವರೇ ಬರಲಿ ಎನ್ನುತ್ತಾರೋ ಎಂದು ಹೆದರಿದೆ. ಹೌದು, ಮರೆತಿದ್ದೆ ಎಂದು ಸುಳ್ಳು ಹೇಳಿ, ಕೊಡಬೇಕಾದ್ದನ್ನು ಕೊಟ್ಟು, ಪೊಟ್ಟಣವನ್ನು ಎದೆಗೊತ್ತಿಕೊಂಡು ಹೊರಬಿದ್ದೆ. ಗಲ್ಲಿಯ ತಿರುವಿನಲ್ಲಿ ಆಟೋ ಸಿಕ್ಕಿತು. ಕಳ್ಳಿಯ ಹಾಗೆ ಹತ್ತಿ ಕೂತೆ.

ಮನೆಗೆ ಬಂದು ಸ್ವೆಟರನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ. ಅಮ್ಮನದೇ. ಜೇಬಿನಲ್ಲಿ ಏನಾದರೂ ಇರಬಹುದೆಂದು ಕೈ ಹಾಕಿದೆ, ಏನೂ ಇರಲಿಲ್ಲ. ತೊಟ್ಟು ಕನ್ನಡಿಯ ಮುಂದೆ ನಿಂತೆ. ವಯಸ್ಸಾದಂತೆ ನನ್ನ ಮುಖ ಅಮ್ಮನ ಅಚ್ಚಾಗುತ್ತಿದೆ ಎಂದು ಅತ್ತೆ ಹೇಳುತ್ತಲೇ ಇದ್ದರು. ಅವತ್ತು ನನಗೂ ಹಾಗೇ ಕಂಡಿತು. ಹೆದರಿಕೆ ಆಯಿತೇ ಎಂದು ಕೇಳಿದರೆ, ಇಲ್ಲ. ಆ ಮನೆಗೆ ಬಂದ ಮೇಲೆ ಮೊದಲ ಸಲ ಇನ್ನೊಬ್ಬರ ಮುಖ ನೋಡಿದಂತಾಗಿ, ಬಹಳ ಹೊತ್ತು ಅಲ್ಲೇ ನಿಂತಿದ್ದೆ.

ಯಾರೋ ನನ್ನಂತೆಯೇ ಇರುವ ಹೆಂಗಸು ಬಂದು ಎತ್ತಿಡಲು ಹೇಳಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಅಥವಾ ಶಿವಮ್ಮ ಗಿರಾಕಿಗಳಿಗೆಲ್ಲ ಹೀಗೇ ಹೇಳುತ್ತಿರಬೇಕು. ಒಳ್ಳೆಯ ವಿವರಣೆಗಳೇ. ಮುಂದಿನ ಶನಿವಾರದವರೆಗೆ ಅವುಗಳಿಂದಲೇ ಕಾಲ ಹಾಕಿದೆ.

ಆ ಶನಿವಾರ ಮತ್ತೆ ಹೋದದ್ದು ಕೊಡೆಗಾಗಿ. ಸ್ವೆಟರಿನ ಗಡಿಬಿಡಿಯಲ್ಲಿ ಅದನ್ನು ಬಾಗಿಲ ಮೊಳೆಯಲ್ಲೇ ಬಿಟ್ಟು ಬಂದಿದ್ದೆ. ಮೊಳೆ ಖಾಲಿಯಾಗಿತ್ತು.

“ಕೊಡೆನಾ?” ಶಿವಮ್ಮ ನನ್ನನ್ನೇ ಒಂದು ಗಳಿಗೆ ದಿಟ್ಟಿಸಿದರು. “ಅವತ್ತು ನೀವು ಅಂಗ್ ಹೋಗಿ ಇಂಗ್ ತಲೆ ಮೇಲೆ ಸೆರಗು ಹೊದ್ಕಂಡು ವಾಪಸ್ ಬಂದ್ರಲ್ಲಮ್ಮ. ‘ಮರೆಯೋದೇ ಒಂದು ಕೆಲಸ ಆಗೋಯ್ತು’ ಅಂತ ಬೈಕಂಡು, ಕೊಡೆ ತಕ್ಕಂಡು, ತಿರುವಿನ ತನಕ ಓಡ್ಕಂಡ್ ಹೋದ್ರಿ. ಈ ವಯಸ್ಸಲ್ಲಿ ಅಂಗೆಲ್ಲ ಓಡ್ಬಾರ್ದು ಕಣಮ್ಮ, ಬಿದ್ಗಿದ್ದೀರಿ.”

ತಿರುವಿನಲ್ಲೇ ನಾನು ಆಟೋ ಹತ್ತಿದ್ದು. ಹಿಂತಿರುಗಿ ನೋಡಿರಲಿಲ್ಲ.

ಅಲ್ಲಿಂದ ನೇರ ಯಾದವಗಿರಿಗೆ ಹೋದೆ. ಹೋಗಬೇಕೆಂದು ಯೋಚಿಸಿ ಹೋದದ್ದಲ್ಲ, ಆಟೋದವರಿಗೆ ಹೇಳುವಾಗ ನನ್ನ ಬಾಯಿಗೆ ಬಂದದ್ದು ಆ ಹೆಸರು. ನಮ್ಮ ಹಳೆಯ ಗೇಟಿನ ಮುಂದೆ ನಿಂತು ಒಳಗೆ ಇಣುಕಿದೆ. ಹೊಸ ಬಾಡಿಗೆಯವರ ನಾಯಿ ಬೊಗಳಿತು. ಗೇಟಿನ ಮೇಲಾಗಲಿ ಮೆಟ್ಟಿಲ ಮೇಲಾಗಲಿ ಕೊಡೆ ಇರಲಿಲ್ಲ. ವಾಪಸ್ಸು ಬರುತ್ತ ನನ್ನನ್ನು ಹೊಸ ಚಿಂತೆಯೊಂದು ಹಿಡಿಯಿತು. ನಾನು ಮನೆ ಬದಲಾಯಿಸಿದ್ದು ಅಮ್ಮ ಹೋದ ಮೇಲೆ. ಹಿನಕಲ್ ಮನೆ ಅವಳಿಗೆ ಗೊತ್ತಿಲ್ಲ.

ಇದು ಹುಚ್ಚು ಎಂದು ನನಗೆ ಗೊತ್ತು. ಆದರೂ ಅದರ ಮುಂದಿನ ಶನಿವಾರ ಒಂದು ಚೀಟಿಯಲ್ಲಿ ಹಿನಕಲ್‌ನ ವಿಳಾಸವನ್ನು, ಅಮ್ಮನಿಗೆ ಕನ್ನಡಕವಿಲ್ಲದೆಯೂ ಕಾಣುವಷ್ಟು ದಪ್ಪ ಅಕ್ಷರದಲ್ಲಿ ಬರೆದು ಶಿವಮ್ಮನಿಗೆ ಕೊಟ್ಟೆ. ತಲೆ ಬೆಳ್ಳಗಿರುವ ದಿನ ನಾನು ಬಂದರೆ ಇದನ್ನು ನನಗೆ ಕೊಡಿ ಎಂದೆ.

“ನಿಮ್ ಮನೆ ವಿಳಾಸ ನಿಮ್ಗೇ ಕೊಡ್ಬೇಕಾ?”

“ಹೂಂ. ನಂಗೆ ಮರೆವು.”

ಶಿವಮ್ಮ ಚೀಟಿಯನ್ನು ಮಡಿಸಿ, ಗಲ್ಲಾದ ಮೇಲಿನ ದೇವರ ಪಟದ ಹಿಂದೆ ಸಿಕ್ಕಿಸಿದರು.

ವರ್ಷಗಳು ಕಳೆದವು. ನಾನು ಹೋದಾಗಲೆಲ್ಲ ಚೀಟಿ ಅಲ್ಲೇ ಇರುತ್ತದೆ. ನಾನು ಕೂದಲಿಗೆ ಬಣ್ಣ ಹಚ್ಚುವುದನ್ನು ಬಿಟ್ಟಿಲ್ಲ. ಬಿಟ್ಟರೆ ಶಿವಮ್ಮ ನಮ್ಮಿಬ್ಬರನ್ನು ಹೇಗೆ ಗುರುತು ಹಿಡಿಯಬೇಕು? ದೀಪಾವಳಿ ಕಳೆದ ಮೇಲೆ ಸ್ವೆಟರ್ ತೊಡುತ್ತೇನೆ. ಅದರಿಂದ ಈಗಲೂ ಎಳೆ ಕಿತ್ತಿಲ್ಲ. ಬಿಚ್ಚಿಕೊಂಡೀತೆಂಬ ಹೆದರಿಕೆಯಿಂದಲ್ಲ.

ಮೊದಲು ಹೇಳಿದ ಪಟ್ಟಿಯಲ್ಲಿ ಒಂದೂ ಆಗಲಿಲ್ಲ. ತಿಗಣೆ ಬರಲಿಲ್ಲ, ಪೊಲೀಸರು ಬರಲಿಲ್ಲ, ಟ್ರಂಕು ಬೀಳಲಿಲ್ಲ. ನಷ್ಟವೆಂದು ಆದದ್ದು ಒಂದೇ. ಒಂದು ಕರಿಯ ಕೊಡೆ ಹೋಯಿತು, ಇನ್ನೂ ವಾಪಸ್ಸು ಬಂದಿಲ್ಲ.